ಅರಮಾಯೊದಲ್ಲಿ ಹಳೇ ಬಸೆರ್ರಿ ಮಾರಾಟಕ್ಕಿದೆ, ತಗೋಬಹುದಾ?

ಪ್ರಶ್ನೆ: "ಸರ್, ನಾವು ಹುಬ್ಬಳ್ಳಿ ಕಡೆಯವ್ರು. ನಾಲ್ಕು ವರ್ಷದಿಂದ ಸ್ಪೇನ್‌ನ ಉತ್ತರಕ್ಕಿರೋ ಬಾಸ್ಕ್ ಪ್ರದೇಶದ ವಿಟೋರಿಯಾ-ಗಸ್ತೈಸ್‌ನಲ್ಲಿ ಬಾಡಿಗೆ ಫ್ಲ್ಯಾಟಲ್ಲಿದೀವಿ. ನಮ್ಮ ಯಜಮಾನ್ರಿಗೆ ಈಗ ಅರ್ರಸಾತೆ ಅಂದ್ರೆ ಮೊಂದ್ರಾಗೋನ್‌ನಲ್ಲಿ ಕೆಲಸ. ಅಲ್ಲೇ ಪಕ್ಕದ ಅರಮಾಯೊ ಕಣಿವೆಲಿ ಒಂದು ಹಳೇ ಬಸೆರ್ರಿ, ಅಂದ್ರೆ ಇಲ್ಲಿನ ರೈತರ ಕಲ್ಲಿನ ಮನೆ, ಮಾರಾಟಕ್ಕಿದೆ, ಹಿಂದೆ ಎರಡು ಹೆಕ್ಟೇರ್ ಪೈನ್ ತೋಪು, ರೇಟು ಸಿಟಿ ಫ್ಲ್ಯಾಟಿಗಿಂತ ಕಮ್ಮಿ. ಏಜೆಂಟು ಈ ವಾರನೇ ಅಡ್ವಾನ್ಸ್ ಕೊಡಿ ಅಂತಿದಾರೆ. ಆದ್ರೆ ಆಫೀಸಲ್ಲಿ ಹೆದರಿಸ್ತಾರೆ: ಹೊರಗಿನವ್ರಿಗೆ ಮನೆ ಕೊಡಲ್ಲ, ಕೊಟ್ರೂ ಸಂಬಂಧಿಕರು ಬಂದು ವಾಪಸ್ ಕಿತ್ಕೋತಾರೆ, ಬಾಸ್ಕ್ ಭಾಷೆ ಬರದಿದ್ರೆ ಯಾರೂ ಮಾತಾಡ್ಸಲ್ಲ, ಊರ ಕೆಲಸಕ್ಕೆ ಬಿಟ್ಟಿ ಹೋಗ್ಬೇಕು ಅಂತ. ಮಗಳಿಗೆ ಆರು ವರ್ಷ, ಸ್ಕೂಲಲ್ಲಿ ಒದ್ದಾಡ್ತಾಳೇನೋ. ಹಿಂದೆ ಅಲ್ಲಿ ಬಾಂಬ್ ಗಲಾಟೆ ಇತ್ತಲ್ಲ ಅಂತ ಊರಲ್ಲಿರೋ ಅಮ್ಮನ ಭಯ ಬೇರೆ. ಮನೆ ಪಕ್ಕ ಇನ್ನೊಂದು ಚಿಕ್ಕ ಮನೆ ಕಟ್ಟಿ ಬಾಡಿಗೆಗೆ ಬಿಡೋ ಆಸೆನೂ ಇದೆ. ತಗೋಬಹುದಾ? ತಗೊಂಡ್ರೆ ಮನೆ ಹೆಸರು ಬದಲಾಯಿಸಿ ನಮ್ಮ ಅಜ್ಜಿ ಹೆಸರು ಇಡಬಹುದಾ?"

ಉತ್ತರ: ಮೊದಲು ಒಂದೇ ಮಾತು, ಈ ವಾರ ಅಡ್ವಾನ್ಸ್ ಕೊಡಬೇಡಿ, ಮಿಕ್ಕಿದ್ದು ನಿಧಾನಕ್ಕೆ ಮಾತಾಡೋಣ. ನಾನು ಈ ಕಡೆ ಹಳೇ ಕಲ್ಲು ಮನೆಗಳ ರಿಪೇರಿ ಕೆಲಸದಲ್ಲೇ ಇರೋ ಆರ್ಕಿಟೆಕ್ಟು, ನಿಮ್ಮ ಥರ ಫೋಟೋ ನೋಡಿ ಮನಸೋತು ಬಂದವ್ರನ್ನ ಬೇಕಾದಷ್ಟು ನೋಡಿದೀನಿ, ನಾನೇ ಆ ಪೈಕಿ ಒಬ್ಬ ಅಂತಾನೂ ಇಟ್ಕೊಳಿ. ನಿಮ್ಮ ಆಫೀಸಿನವ್ರು ಹೇಳಿದ್ರಲ್ಲಿ ಅರ್ಧ ಹರಟೆ. ಆದ್ರೆ ಎಲ್ಲದಕ್ಕಿಂತ ಸುಳ್ಳು ಅನ್ಸೋ ಆ ಒಂದು ಮಾತು, ಸಂಬಂಧಿಕರು ಬಂದು ಮನೆ ವಾಪಸ್ ತಗೋತಾರೆ ಅನ್ನೋದು, ಅದ್ರಲ್ಲೇ ನಿಜ ಇರೋದು. ಹಾಗಾಗಿ ಅಲ್ಲಿಂದನೇ ಶುರು ಮಾಡ್ತೀನಿ.

ಅರಮಾಯೊ ಇರೋದು ಅಲಾವಾ ಪ್ರಾಂತ್ಯದಲ್ಲಿ, ಸರಿ. ಆದ್ರೆ ಹಿಂದೆ ಅದು ಪಕ್ಕದ ಬಿಸ್ಕಾಯ ಸೀಮೆದು, 15ನೇ ಶತಮಾನದ ಕೊನೇಲಿ ಅಲಾವಾ ಕಡೆ ಬಂತು. ಬಂದ್ರೂ ಮನೆ ಆಸ್ತಿ ವಿಷ್ಯದಲ್ಲಿ ಹಳೇ ಬಿಸ್ಕಾಯ ಕಟ್ಟಳೆ ಬಿಡ್ಲಿಲ್ಲ. ಇವತ್ತಿಗೂ 2015ರ ಬಾಸ್ಕ್ ಸಿವಿಲ್ ಕಾನೂನಲ್ಲಿ 'ತ್ರೊಂಕಾಲಿದಾದ್' ಅಂತ ಒಂದು ಅಧ್ಯಾಯ ಇದೆ, ಅದು ಲಾಗೂ ಆಗೋದು ಬಿಸ್ಕಾಯದ ಹಳ್ಳಿಗಾಡಿಗೆ, ಮತ್ತೆ ಅಲಾವಾದಲ್ಲಿ ಎರಡೇ ಎರಡು ಊರಿಗೆ, ಒಂದು ಯೋದಿಯೊ, ಇನ್ನೊಂದು ನಿಮ್ಮ ಅರಮಾಯೊ. ತ್ರೊಂಕೋ ಅಂದ್ರೆ ಮರದ ಬೊಡ್ಡೆ. ಆಸ್ತಿ ಯಾವ ಬೊಡ್ಡೆಯಿಂದ ಬಂತೋ ಆ ಬೊಡ್ಡೆಗೆ ಸೇರಿದ್ದು, ಈಗಿನ ಯಜಮಾನ ಅದನ್ನ ಮನಸಿಗೆ ಬಂದಂಗೆ ಹೊರಗಿನವ್ರಿಗೆ ಕೊಟ್ಟುಬಿಡೋ ಹಾಗಿಲ್ಲ ಅನ್ನೋದು ಇದರ ಹುರುಳು. ನಮ್ಮ ಭಾಷೇಲಿ ಹೇಳ್ಬೇಕಂದ್ರೆ ದಾಯಾದಿಗಳಿಗೆ ಮೊದಲು ಕೇಳ್ಬೇಕು.

ಹೆಂಗೆ ಕೇಳ್ಬೇಕು ಅಂದ್ರೆ ಫೋನ್ ಮಾಡಿ ಅಲ್ಲ, ಊಟಕ್ಕೆ ಕರೆದೂ ಅಲ್ಲ. ಮಾರೋರು ನೋಟರಿ ಮೂಲಕ ಪ್ರಕಟಣೆ ಮಾಡಿಸ್ಬೇಕು, ಅದು ಟೌನ್ ಹಾಲ್ ನೋಟಿಸ್ ಬೋರ್ಡಲ್ಲಿ ಇಂತಿಷ್ಟು ದಿನ ಇರ್ಬೇಕು, ಆ ಬೊಡ್ಡೆಗೆ ಸೇರಿದ ಹತ್ತಿರದ ಸಂಬಂಧಿಕರಲ್ಲಿ ಯಾರಿಗಾದ್ರೂ ಬೇಕಿದ್ರೆ ಮುಂದೆ ಬರ್ಬೇಕು. ಬೆಲೆ ಒಪ್ಪಿಗೆ ಆಗ್ದಿದ್ರೆ ಪರಿಣತರ ಅಂದಾಜು. ಯಾರೂ ಬರ್ಲಿಲ್ಲ ಅಂದ್ರೆ ಆಯ್ತು, ದಾರಿ ಕ್ಲಿಯರ್, ನೀವು ಧಾರಾಳವಾಗಿ ತಗೋಬಹುದು. ಈ ಪ್ರಕಟಣೆ ಮಾಡಿಸ್ದೇ ಮಾರಿದ್ರೆ ಮಾತ್ರ ತೊಂದರೆ. ಸಂಬಂಧಿಕರೊಬ್ರು ಕೋರ್ಟಿಗೆ ಹೋಗಿ ಆ ಮಾರಾಟ ರದ್ದು ಮಾಡಿಸಿ, ನ್ಯಾಯಬೆಲೆ ಕೊಟ್ಟು ಮನೆ ತಮಗೇ ಕೊಡಿ ಅಂತ ಕೇಳಬಹುದು, ಇದಕ್ಕೆ ಸಾಕಾ ಫೊರಾಲ್ ಅಂತ ಹೆಸರು. ಅದಕ್ಕೂ ಕಾಲಮಿತಿ ಇದೆ, ಜೀವಮಾನ ಪೂರ್ತಿ ತೂಗುಕತ್ತಿ ಏನಲ್ಲ, ಆದ್ರೆ ಆ ಸಮಯದೊಳಗೆ ನೀವು ಛಾವಣಿ ಬಿಚ್ಚಿ ಹಾಕಿ ದುಡ್ಡು ಸುರಿದಿರ್ತೀರಲ್ಲ.

ಹಂಗಂತ ಎಲ್ಲಾ ಮನೆಗೂ ಇದು ಇರಲ್ಲ. ಊರ ಪ್ಲ್ಯಾನಲ್ಲಿ ನಗರ ಜಾಗ ಅಂತ ಗುರುತಾಗಿರೋ ಕಡೆ, ಅಂದ್ರೆ ಅರಮಾಯೊದ ಮುಖ್ಯ ಊರಾದ ಇಬಾರ್ರ ಪೇಟೆಯೊಳಗಿನ ಫ್ಲ್ಯಾಟು ಮನೆಗೆಲ್ಲ, ಈ ಮೊದಲ ಹಕ್ಕು ಬರಲ್ಲ. ಮಾರೋರು ಯಾರು, ಆಸ್ತಿ ಅವ್ರ ಮನೆತನದಿಂದ ಬಂದಿದ್ದಾ ಇಲ್ಲ ಮೊನ್ನೆ ಮೊನ್ನೆ ಕೊಂಡಿದ್ದಾ, ಕಾನೂನಿನ ಲೆಕ್ಕದಲ್ಲಿ ಅವ್ರು ಯಾವ ಸೀಮೆಯವ್ರು, ಇವೆಲ್ಲ ಲೆಕ್ಕಕ್ಕೆ ಬರತ್ತೆ. ನಿಮ್ಮದು ಗುಡ್ಡದ ಮೇಲಿನ ಒಂಟಿ ಬಸೆರ್ರಿ, ಹಿಂದೆ ತೋಪು ಬೇರೆ, ಹಂಗಾಗಿ ನಾನಂತೂ ಇದೆ ಅಂತಲೇ ಹಿಡ್ಕೊಂಡು ಹೊರಡ್ತೀನಿ. ಏಜೆಂಟ್ ಹತ್ರ "ಟೌನ್ ಹಾಲ್ ಪ್ರಕಟಣೆ ಆಗಿದ್ಯಾ" ಅಂತ ಒಂದೇ ಪ್ರಶ್ನೆ ಕೇಳಿ ನೋಡಿ. ಮುಖ ಹೆಂಗಾಗತ್ತೆ ಅನ್ನೋದ್ರಲ್ಲೇ ಗೊತ್ತಾಗತ್ತೆ.

ಈ ಕಟ್ಟಳೆ ಯಾಕೆ ಬಂತು ಅಂತ ಗೊತ್ತಾದ್ರೆ ಮಿಕ್ಕ ಎಲ್ಲಾ ಪ್ರಶ್ನೆಗೂ ಅರ್ಧ ಉತ್ತರ ಸಿಗತ್ತೆ, ಅದಕ್ಕೇ ಸ್ವಲ್ಪ ಎಳೀತೀನಿ. ಇಲ್ಲಿ ಮನುಷ್ಯರಿಗೆ ಮನೆ ಇರೋದಲ್ಲ, ಮನೆಗೆ ಮನುಷ್ಯರು ಇರೋದು. ಎತ್ಚೆ ಅಂದ್ರೆ ಮನೆ. ಪ್ರತಿ ಮನೆಗೂ ಒಂದು ಹೆಸರು, ಅದು ಮುನ್ನೂರು ನಾನೂರು ವರ್ಷದ್ದಿರಬಹುದು, ಜನರಿಗೆ ಅಡ್ಡಹೆಸರು ಬಂದಿದ್ದೇ ಆ ಮನೆ ಹೆಸರಿಂದ. ನೀವು ಹುಬ್ಬಳ್ಳಿ ಕಡೆಯವ್ರಲ್ವ, ನಿಮಗೆ ಇದು ಥಟ್ಟಂತ ಹೊಳೆಯತ್ತೆ: ಎತ್ಚೆಬೆರ್ರಿಯಾ ಅಂತ ಇಲ್ಲಿ ಬೀದಿಗೊಬ್ರು ಸಿಗ್ತಾರೆ, ಎತ್ಚೆ ಅಂದ್ರೆ ಮನೆ, ಬೆರ್ರಿ ಅಂದ್ರೆ ಹೊಸದು, ಅಕ್ಷರಶಃ ಹೊಸಮನಿ. ಗೊಯ್ಕೊಎತ್ಚೆಯಾ ಅಂದ್ರೆ ಮೇಲಿನಮನಿ. ನಮ್ಮೂರಲ್ಲೆಲ್ಲ ಸೇಂಟ್ ಕ್ಸೇವಿಯರ್ ಸ್ಕೂಲ್ ಅಂತಿದೆಯಲ್ಲ, ಆ ಕ್ಸೇವಿಯರ್ ಕೂಡ ನವಾರ್ರದ ಹಾವಿಯೆರ್ ಅನ್ನೋ ಊರಿನ ಹೆಸರು, ಅದರ ಮೂಲನೂ ಇದೇ ಎತ್ಚೆಬೆರ್ರಿ, ಅಂದ್ರೆ ಸಂತ ಹೊಸಮನಿ ಅಂದಂಗಾಯ್ತು. ಅರಮಾಯೊದಲ್ಲೇ ಉರಿಬಾರ್ರಿ ಅಂತ ಒಂದು ಹಳ್ಳಿ ಇದೆ, ಅದು ನಮ್ಮ ಹೊಸೂರು.

ಆಸ್ತಿ ಎಲ್ಲಾ ಮಕ್ಕಳಿಗೂ ಹಂಚಿದ್ರೆ ಇಳಿಜಾರು ಗದ್ದೆ ನಾಲ್ಕು ದನ ಯಾರಿಗೂ ಸಾಲಲ್ಲ ಅಂತ, ಒಬ್ಬ ಮಗನಿಗೋ ಮಗಳಿಗೋ ಇಡೀ ಮನೆ ಬಿಟ್ಟು ಮಿಕ್ಕವ್ರು ಒಂದಿಷ್ಟು ದುಡ್ಡು ತಗೊಂಡು ಹೊರಡೋರು, ಕೆಲವ್ರು ಚರ್ಚಿಗೆ, ಕೆಲವ್ರು ಹಡಗಿಗೆ, ಕೆಲವ್ರು ಅಮೆರಿಕಕ್ಕೆ. ಹಾಗೆ ಬಿಟ್ಟುಕೊಟ್ಟವ್ರ ಕಡೆಯವ್ರಿಗೆ ಆ ಮನೆ ಮಾರೋ ಕಾಲ ಬಂದಾಗ ಒಂದು ಮಾತು ಕೇಳ್ಲೇಬೇಕಲ್ವ? ಆ ನ್ಯಾಯವೇ ಇವತ್ತು ಕಾನೂನು ಪುಸ್ತಕದಲ್ಲಿರೋದು. ಹೊರಗಿನವ್ರನ್ನ ಓಡಿಸೋಕೆ ಮಾಡಿದ್ದಲ್ಲ, ನಿಮ್ಮ ಆಫೀಸಿನವ್ರು ಅದನ್ನೇ ತಪ್ಪು ತಿಳ್ಕೊಂಡಿರೋದು. ಹೊರಗಿನವ್ರಿಗೆ ಮಾರಬಾರದು ಅಂತ ಯಾವ ಕಾನೂನೂ ಇಲ್ಲ, ಇಂಡಿಯಾ ಪಾಸ್‌ಪೋರ್ಟ್ ಇದ್ರೂ ವಿದೇಶಿಯರ ಗುರುತಿನ ನಂಬರ್ ಇದ್ರೆ ಕೊಳ್ಳಬಹುದು. ಆದ್ರೆ ಮನೆ ಕೊಂಡ್ರೆ ವೀಸಾ ಗಟ್ಟಿ ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, 5 ಲಕ್ಷ ಯೂರೋ ಹಾಕಿ ಸಿಗ್ತಿದ್ದ ಆ ಸ್ಕೀಮು ಕೂಡ 2025ರ ಏಪ್ರಿಲ್‌ಗೆ ನಿಂತೋಯ್ತು.

ಈಗ ಎರಡನೇ ವಿಷ್ಯ, ನೀವು ಕೊನೇಲಿ ಸಣ್ಣದಾಗಿ ಸೇರಿಸಿದೀರಲ್ಲ, ಪಕ್ಕದಲ್ಲಿ ಇನ್ನೊಂದು ಮನೆ ಕಟ್ತೀವಿ ಅಂತ, ಅದು ಆಗಲ್ಲ. ನೇರವಾಗಿ ಹೇಳ್ತಿದೀನಿ ಬೇಜಾರು ಮಾಡ್ಕೋಬೇಡಿ. ಬಾಸ್ಕ್ ಪ್ರದೇಶದ 2006ರ ಭೂಮಿ ಕಾನೂನು ಪ್ರಕಾರ ಊರಾಚೆ ಜಾಗದಲ್ಲಿ ಹೊಸ ವಾಸದ ಮನೆ ಕಟ್ಟೋಕೆ ಬಿಡಲ್ಲ, ನಿಜವಾದ ಬೇಸಾಯ ಮಾಡ್ತಾ ಅದ್ರಲ್ಲೇ ಬದುಕ್ತಿದೀನಿ ಅಂತ ತೋರಿಸಿದ ರೈತರಿಗೆ ಬಿಟ್ರೆ. ಎರಡು ಕೋಳಿ ಒಂದು ಟೊಮ್ಯಾಟೊ ಮಡಿ ತೋರಿಸಿದ್ರೆ ಆಗಲ್ಲ, ಆ ಆಟ ಬಹಳ ಜನ ಆಡಿದಾರೆ. ಇದೇ ಕಾರಣಕ್ಕೆ ಈ ಕಣಿವೆ ಇನ್ನೂ ಹಸಿರಾಗಿರೋದು, ದೊರೆ 13ನೇ ಅಲ್ಫೊನ್ಸೊ ಇದನ್ನ ಅಲಾವಾದ ಪುಟ್ಟ ಸ್ವಿಟ್ಜರ್ಲೆಂಡ್ ಅಂದ್ನಂತೆ, ಬೋರ್ಡಲ್ಲೆಲ್ಲ ಅದನ್ನೇ ಹಾಕ್ಕೊಂಡಿದಾರೆ.

ಹಳೇ ಬಸೆರ್ರಿ ರಿಪೇರಿ ಮಾಡ್ಕೋಬಹುದು, ಅದಕ್ಕೆ ಅಡ್ಡಿ ಇಲ್ಲ, ಆದ್ರೆ ಷರತ್ತು ಏನಂದ್ರೆ ಅದು ಬಸೆರ್ರಿ ಅಂತ ಗುರುತು ಸಿಗೋಷ್ಟು ಕಟ್ಟಡ ನಿಂತಿರ್ಬೇಕು. ಬರೀ ಅಡಿಪಾಯ, ಎರಡು ಮೋಟು ಗೋಡೆ ಉಳಿದಿದ್ರೆ ಅದು ಕಾನೂನಿನ ಕಣ್ಣಿಗೆ ಮನೆಯೇ ಅಲ್ಲ, ಕಲ್ಲಿನ ರಾಶಿ. ನನ್ನ ಹತ್ರ ಒಬ್ರು ಬಂದಿದ್ರು, ಪಾಪ, ಪಕ್ಕದ ಕಣಿವೇಲಿ ಛಾವಣಿ ಬಿದ್ದ ಮನೆ ಕೊಂಡಿದ್ರು, ಪರ್ಮಿಷನ್‌ಗೆ ಓಡಾಡ್ತಾ ಇರೋವಾಗಲೇ ಒಂದು ಚಳಿಗಾಲದ ಗಾಳೀಲಿ ಮುಂದಿನ ಗೋಡೆನೂ ಬಿತ್ತು. ಗೋಡೆ ಜೊತೆ ಹಕ್ಕೂ ಬಿತ್ತು. ಈಗ ಅವ್ರ ಹತ್ರ ಇರೋದು ಕುರಿ ಮೇಯಿಸೋಕೆ ಚೆನ್ನಾಗಿರೋ ಒಂದು ಜಾಗ. ಹಂಗಾಗಿ ನೀವು ದುಡ್ಡು ಕೊಡೋ ಮುಂಚೆನೇ ಟೌನ್ ಹಾಲ್‌ಗೆ ಅರ್ಜಿ ಹಾಕಿ, ಈ ಜಾಗದ ಮೇಲೆ ಏನು ಮಾಡಬಹುದು ಅಂತ ಲಿಖಿತ ಉತ್ತರ ತಗೊಳಿ. ಬಾಯಿ ಮಾತಲ್ಲಿ "ಆಗತ್ತೆ ಬಿಡಿ" ಅಂದಿದ್ದು ಲೆಕ್ಕಕ್ಕಿಲ್ಲ.

ಮನೆಯ ಆರೋಗ್ಯದ ಬಗ್ಗೆ ನೀವು ಏನೂ ಕೇಳಿಲ್ಲ, ಎಲ್ಲರೂ ಹಂಗೇ, ಕಾನೂನಿಗೆ ಹೆದರ್ತಾರೆ ತೊಲೆಗೆ ಹೆದರಲ್ಲ. ಬಸೆರ್ರಿ ಅಂದ್ರೆ ಕೆಳಗೆ ಕೊಟ್ಟಿಗೆ ಮತ್ತೆ ಅಡಿಗೆಮನೆ, ಮೇಲೆ ಹುಲ್ಲು ಕಾಳು ಒಣಗಿಸೋ ಅಟ್ಟ, ಹಳೇ ಮನೆಗಳಲ್ಲಿ ಸೇಬಿನ ಹುಳಿಮದ್ಯ ಹಿಂಡೋ ಗಾಣನೇ ಮನೆ ತುಂಬಾ ಇರೋದು. ಪಕ್ಕದ ಗಿಪುಸ್ಕೋವಾ ಪ್ರಾಂತ್ಯದ ಎಸ್ಕಿಯೊದಲ್ಲಿ ಇಗಾರ್ತುಬೈತಿ ಅಂತ 16ನೇ ಶತಮಾನದ ಮನೆ ಮ್ಯೂಸಿಯಂ ಮಾಡಿಟ್ಟಿದಾರೆ, ಒಂದು ಭಾನುವಾರ ಹೋಗಿ ಬನ್ನಿ, ನೀವು ಏನನ್ನ ಕೊಳ್ಳೋಕೆ ಹೊರಟಿದೀರ ಅಂತ ಅಲ್ಲಿ ಅರ್ಥ ಆಗತ್ತೆ: ಅದು ವಾಸದ ಮನೆ ಅಲ್ಲ, ಓಕ್ ಮರದ ಒಂದು ದೊಡ್ಡ ಯಂತ್ರ, ಅದರ ಮೂಲೇಲಿ ಮನುಷ್ಯರೂ ಮಲಗ್ತಿದ್ರು. ದನದ ಬಿಸಿ, ಒಲೆ ಬಿಸಿ, ಮೇಲಿನ ಹುಲ್ಲಿನ ರಕ್ಷಣೆ, ಇವೆಲ್ಲ ಹೋದ್ಮೇಲೆ ಅದೇ ಮನೆ ಥಂಡಿ ಹಿಡಿಯತ್ತೆ. ಇಲ್ಲಿ ಮಳೆ ನಮ್ಮ ಮಲೆನಾಡಿನ ಥರ ಧೋ ಅಂತ ಸುರಿಯಲ್ಲ, ಸಿರಿಮಿರಿ ಅಂತಾರೆ, ಹೆಸರು ಕೇಳಿದ್ರೇ ಗೊತ್ತಾಗತ್ತಲ್ಲ, ದಿನಗಟ್ಟಲೆ ಜಿಟಿಜಿಟಿ. ವಿಟೋರಿಯಾ ಬಯಲಲ್ಲಿ ನಾಲ್ಕು ವರ್ಷ ಇದ್ದು ಇದೇ ಹವಾ ಅನ್ಕೋಬೇಡಿ, ಅರಮಾಯೊ ಕಡೆಗೆ ಕ್ರುಸೇಟ ಘಾಟಿ ಇಳಿದ್ರೆ ನೀರು ಹರಿಯೋ ದಿಕ್ಕೇ ಬೇರೆ, ಅಲ್ಲಿಂದ ಎಲ್ಲಾ ದೇಬಾ ಹೊಳೆ ಸೇರಿ ಉತ್ತರದ ಸಮುದ್ರಕ್ಕೆ.

ನೋಡೋಕೆ ಹೋದಾಗ ಒಂದು ಸ್ಕ್ರೂ ಡ್ರೈವರ್ ಜೇಬಲ್ಲಿಟ್ಕೊಂಡು ಹೋಗಿ. ತೊಲೆ ಮಧ್ಯ ನೋಡ್ಬೇಡಿ, ಅದು ಯಾವಾಗ್ಲೂ ಗಟ್ಟಿನೇ ಇರತ್ತೆ, ಗೋಡೆಯೊಳಗೆ ತೂರಿರೋ ತುದಿ ಹತ್ರ ಚುಚ್ಚಿ. ಸಲೀಸಾಗಿ ಒಳಗೆ ಹೋದ್ರೆ ಅಲ್ಲಿ ಮರ ಇಲ್ಲ, ಹುಳ ತಿಂದ ಪುಡಿ ಇದೆ. ಹೆಂಚು ಜಾರಿರೋ ಕಡೆ ಕೆಳಗೆ ನೋಡಿ. 1960-70ರ ಕಾಲದಲ್ಲಿ ಯಾರೋ ಅಂದ ಮಾಡೋಕೆ ಅಂತ ಕಲ್ಲು ಗೋಡೆಗೆ ಸಿಮೆಂಟ್ ಗಾರೆ ಬಳಿದಿದ್ರೆ ಒಳಗೆ ನೀರು ಸಿಕ್ಕಿಹಾಕ್ಕೊಂಡು ಗೋಡೆ ಬೆವರ್ತಾ ಇರತ್ತೆ, ಅದನ್ನೆಲ್ಲ ಕಿತ್ತು ಸುಣ್ಣದ ಗಾರೆ ಮಾಡಿಸ್ಬೇಕಾಗತ್ತೆ. ನನ್ನ ಅನುಭವದಲ್ಲಿ ಛಾವಣಿ ಮತ್ತು ತೊಲೆ ಕೆಟ್ಟಿರೋ ಬಸೆರ್ರಿಗೆ ರಿಪೇರಿ ಖರ್ಚು ಕೊಂಡ ಬೆಲೆಯನ್ನ ದಾಟೋದು ಅಪರೂಪ ಏನಲ್ಲ. ಬ್ಯಾಂಕು ಸಾಲ ಕೊಡೋದು ಸಾಮಾನ್ಯವಾಗಿ ಬೆಲೆಯ 80 ಪರ್ಸೆಂಟ್ ತನಕ, ಅದೂ ಕೊಳ್ಳೋಕೆ, ರಿಪೇರಿಗೆ ಬೇರೆ ದಾರಿ ನೋಡ್ಬೇಕು. ಫ್ಲ್ಯಾಟಿಗಿಂತ ಕಮ್ಮಿ ರೇಟು ಅಂದ್ರಲ್ಲ, ಯಾಕೆ ಕಮ್ಮಿ ಅಂತ ಈಗ ಹೊಳೀತಾ?

ಪೈನ್ ತೋಪಿನ ಕಥೆ ಇನ್ನೊಂದು. ಏಜೆಂಟು ಅದನ್ನ ಬೋನಸ್ ಥರ ತೋರಿಸಿರ್ತಾರೆ. ಕ್ಯಾಲಿಫೋರ್ನಿಯಾದಿಂದ 19ನೇ ಶತಮಾನದಲ್ಲಿ ಬಂದ ಮರ ಅದು, ರೇಡಿಯಾಟ ಪೈನ್, 30-35 ವರ್ಷಕ್ಕೆ ಕಡಿದು ಮಾರೋದು, ಬಸೆರ್ರಿಯವ್ರಿಗೆ ಬ್ಯಾಂಕ್ ಡೆಪಾಸಿಟ್ ಇದ್ದಂಗೆ ಇತ್ತು, ಮಗಳ ಮದುವೆಗೋ ಛಾವಣಿಗೋ ಅಂತ. 2018ರಲ್ಲಿ ಜೋರಾಗಿ ಹಬ್ಬಿದ ಬ್ರೌನ್ ಬ್ಯಾಂಡ್ ಅನ್ನೋ ಶಿಲೀಂಧ್ರ ರೋಗ ಎಲೆ ಎಲ್ಲ ಕಂದು ಮಾಡಿ ಗುಡ್ಡಕ್ಕೆ ಗುಡ್ಡನೇ ಸುಟ್ಟಂಗೆ ಮಾಡ್ಬಿಡ್ತು. ನಿಮ್ಮ ತೋಪು ಹೇಗಿದೆ ಅಂತ ನೋಡಿ. ಕಡಿಯೋಕೆ ಪ್ರಾಂತ್ಯ ಸರ್ಕಾರದ ಅನುಮತಿ ಬೇಕು, ಕಡಿದ ಮೇಲೆ ಮತ್ತೆ ಕಾಡು ಮಾಡೋ ಜವಾಬ್ದಾರಿನೂ ನಿಮ್ಮದೇ. ರೋಗ ಹಿಡಿದಿದ್ರೆ ಅದನ್ನ ಬೆಲೆ ಇಳಿಸೋಕೆ ಬಳಸಿ, ಆಮೇಲೆ ನಿಧಾನಕ್ಕೆ ಊರ ಮರಗಳೇ ಬರೋಕೆ ಬಿಡಿ, ಓಕ್, ಬೀಚ್, ಆಶ್. ಬೇಗ ದುಡ್ಡಾಗತ್ತೆ ನೀಲಗಿರಿ ಹಾಕಿ ಅನ್ನೋರು ಸಿಗ್ತಾರೆ. ನೀಲಗಿರಿ ಬಗ್ಗೆ ಕರ್ನಾಟಕದವ್ರಿಗೆ ನಾನು ಹೇಳ್ಬೇಕಾಗಿಲ್ಲ.

ಇನ್ನು ಭಾಷೆ. ಇಲ್ಲಿ ಸ್ಪ್ಯಾನಿಷ್ ಬರದವ್ರು ಯಾರೂ ಇಲ್ಲ, ನಿಮ್ಮ ಜೊತೆ ಸ್ಪ್ಯಾನಿಷಲ್ಲಿ ಮಾತಾಡೇ ಆಡ್ತಾರೆ, ಮಾತಾಡ್ಸಲ್ಲ ಅನ್ನೋದು ಶುದ್ಧ ಸುಳ್ಳು. ಆದ್ರೆ ಅಲಾವಾದಲ್ಲಿ ಬೇರೆ ಕಡೆ ಬಹುಪಾಲು ಬಾಸ್ಕ್ ಅಳಿದು ಹೋಗಿದ್ರೂ ಅರಮಾಯೊದಲ್ಲಿ ಅದು ಯಾವತ್ತೂ ನಿಂತಿಲ್ಲ, ಆ ಪ್ರಾಂತ್ಯದಲ್ಲೇ ಎಲ್ಲಕ್ಕಿಂತ ಹೆಚ್ಚು ಬಾಸ್ಕ್ ಕೇಳಿಸೋ ಊರು ಇದು. ಅಂಗಡಿ, ಬಾರು, ಮಕ್ಕಳ ಆಟ, ಜಗಳ, ಎಲ್ಲ ಅದರಲ್ಲೇ. ನೀವು ಬಂದಾಗ ಸ್ಪ್ಯಾನಿಷ್‌ಗೆ ತಿರುಗ್ತಾರೆ, ನೀವು ಹೋದ ತಕ್ಷಣ ವಾಪಸ್. ಅದು ಸಿಟ್ಟಲ್ಲ, ಆದ್ರೆ ವರ್ಷಗಟ್ಟಲೆ ಹಂಗೇ ನಡೆದ್ರೆ ನೀವು ಯಾವಾಗ್ಲೂ ನೆಂಟರಾಗೇ ಉಳೀತೀರ.

ಮಗಳ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಇಲ್ಲಿ ಸ್ಕೂಲಲ್ಲಿ ಡಿ ಮಾದರಿ ಅಂತಾರೆ, ಪಾಠ ಎಲ್ಲ ಬಾಸ್ಕಲ್ಲಿ, ಸ್ಪ್ಯಾನಿಷ್ ಒಂದು ವಿಷಯವಾಗಿ. ಆರು ವರ್ಷದ ಮಗು ಮೊದಲ ಕೆಲವು ತಿಂಗಳು ಸುಮ್ನಿರತ್ತೆ, ಸಂಜೆ ಸುಸ್ತಾಗಿ ಅಳತ್ತೆ, ಆಮೇಲೆ ಒಂದಿನ ನಿಮಗೇ ತಿದ್ದೋಕೆ ಶುರು ಮಾಡತ್ತೆ. ಕಷ್ಟ ಇರೋದು ನಿಮ್ಮಿಬ್ರಿಗೆ, ಹೋಮ್‌ವರ್ಕ್ ಓದೋಕೆ ಬರಲ್ಲ. ಆದ್ರೆ ಒಂದು ವಿಷ್ಯ ಹೇಳ್ತೀನಿ ಕೇಳಿ, ಬಾಸ್ಕ್ ಕಲಿಯೋದು ಅಸಾಧ್ಯ ಅಂತ ಸ್ಪೇನ್‌ನವ್ರು ಹೇಳೋದು ಅವ್ರ ಭಾಷೆಯಿಂದ ನೋಡಿದಾಗ. ನಮ್ಮ ಕಡೆಯಿಂದ ನೋಡಿ: ಎತ್ಚೆರ ಅಂದ್ರೆ ಮನೆಗೆ, ಎತ್ಚೆಅನ್ ಅಂದ್ರೆ ಮನೇಲಿ, ಎತ್ಚೆತಿಕ್ ಅಂದ್ರೆ ಮನೆಯಿಂದ, ಎತ್ಚೆಕೊ ಅಂದ್ರೆ ಮನೆಯ. ಬಾಲ ಹಿಂದೆನೇ ಅಂಟ್ಕೊಳತ್ತೆ, ಕ್ರಿಯಾಪದ ಕೊನೇಗೆ ಬರೋದೇ ಜಾಸ್ತಿ. ಕ್ಲಾಸಲ್ಲಿ ಪಕ್ಕದಲ್ಲಿ ಕೂತ ಮ್ಯಾಡ್ರಿಡ್‌ನವ್ರು ತಲೆ ಕೆರ್ಕೊಳ್ಳೋವಾಗ ನಾನು ಕನ್ನಡದಲ್ಲಿ ಯೋಚನೆ ಮಾಡಿ ಸಲೀಸಾಗಿ ಬರೀತಿದ್ದೆ. ಕ್ರಿಯಾಪದದ ರೂಪಗಳು ಬಂದಾಗ ನಾನೂ ಮಕಾಡೆ ಮಲಗಿದೆ, ಅದು ಬೇರೆ ಮಾತು. ಇದನ್ನ ನೋಡಿ ಬಾಸ್ಕ್ ಮತ್ತು ದ್ರಾವಿಡ ಭಾಷೆ ಅಕ್ಕತಂಗಿ ಅಂತ ವಾಟ್ಸಾಪಲ್ಲಿ ಬರೋದನ್ನ ನಂಬಬೇಡಿ, ಬಾಸ್ಕ್‌ಗೆ ನೆಂಟ ಅಂತ ಸಾಬೀತಾದ ಭಾಷೆ ಇವತ್ತು ಜಗತ್ತಲ್ಲಿ ಒಂದೂ ಇಲ್ಲ. ಅರಮಾಯೊ ಮೇಲೆ ನಿಂತಿರೋ ಅನ್ಬೋಟೊ ಬೆಟ್ಟದ, 1331 ಮೀಟರ್ ಅದು, ಗುಹೆಲಿ ವಾಸ ಮಾಡೋ ದೇವತೆ ಹೆಸರು ಮಾರಿ ಅಂತ. ಮಳೆ ಬಿರುಗಾಳಿ ಎಲ್ಲ ಅವಳ ಕೈಲಿ. ನಾನೂ ಮೊದಲ ಸಲ ಕೇಳಿದಾಗ ಮೈ ಜುಂ ಅಂದಿತ್ತು, ಆದ್ರೆ ನಮ್ಮ ಮಾರಿಗೂ ಈ ಮಾರಿಗೂ ಸಂಬಂಧ ಇಲ್ಲ, ಹೆಸರು ಹೊಂದಿದೆ ಅಷ್ಟೇ.

ಬಿಟ್ಟಿ ಕೆಲಸ ಅಂದ್ರಲ್ಲ, ಅದಕ್ಕೆ ಔಸೊಲಾನ್ ಅಂತ ಹೆಸರು, ಔಸೊ ಅಂದ್ರೆ ನೆರೆಹೊರೆ, ಲಾನ್ ಅಂದ್ರೆ ಕೆಲಸ. ಬಿಟ್ಟಿ ಅನ್ನೋ ಪದ ತಪ್ಪು, ಮುಯ್ಯಾಳು ಅನ್ನಿ ಬೇಕಾದ್ರೆ. ದಾರಿ ಪಕ್ಕ ಪೊದೆ ಕಡಿಯೋದು, ಚರಂಡಿ ಬಿಡಿಸೋದು, ಊರ ನೀರಿನ ತೊಟ್ಟಿ ತೊಳಿಯೋದು. ಅಲಾವಾದ ಬಯಲು ಹಳ್ಳಿಗಳಲ್ಲಿ ಇದು ಇನ್ನೂ ಬಿಗಿ, ಯಾಕಂದ್ರೆ ಅಲ್ಲಿ ಮುನ್ಸಿಪಾಲಿಟಿ ಒಳಗಿನ ಒಂದೊಂದು ಹಳ್ಳಿಗೂ ಅದರದೇ ಚಿಕ್ಕ ಸರ್ಕಾರ ಇದೆ, ಕಾನ್ಸೆಹೊ ಅಂತ, ಪ್ರಾಂತ್ಯದಲ್ಲಿ ಮುನ್ನೂರಕ್ಕೂ ಹೆಚ್ಚು ಇವೆ, 1995ರಲ್ಲಿ ಇವಕ್ಕಂತಲೇ ಕಾನೂನು ಮಾಡಿದಾರೆ. ಉದಾಹರಣೆಗೆ ಕುವಾರ್ತಾಂಗೊ ತಗೊಳಿ, ಬಾಯಾಸ್ ಹೊಳೆ ದಂಡೆ ಮುನ್ಸಿಪಾಲಿಟಿ, ಹತ್ತಿರ ಹತ್ತಿರ 20 ಹಳ್ಳಿ, ಎಲ್ಲ ಸೇರಿಸಿದ್ರೂ ಕೆಲವೇ ನೂರು ಜನ. ಇಪ್ಪತ್ತು ಮೂವತ್ತು ಜನ ಇರೋ ಹಳ್ಳಿಗೂ ತನ್ನದೇ ಅಧ್ಯಕ್ಷ, ತನ್ನದೇ ಗೋಮಾಳ, ಕಾಡು. ಕೆಲಸಕ್ಕೆ ಬರ್ದಿದ್ರೆ ದಂಡ ಕಟ್ಟಬೇಕು. ಬಂದ್ರೆ, ಊರಲ್ಲೇ ವಾಸ ಇದ್ರೆ, ವರ್ಷಕ್ಕಿಷ್ಟು ಸೌದೆ ಪಾಲು ಸಿಗತ್ತೆ, ಅರಣ್ಯದವ್ರು ಗುರುತು ಹಾಕಿ ಕೊಟ್ಟ ಮರಗಳನ್ನ ಹಂಚ್ತಾರೆ. ಅರಮಾಯೊದಲ್ಲಿ ಹಳ್ಳಿಗಳಿಗೆ ಎಲಿಸಾತೆ ಅಂತಾರೆ, ಚರ್ಚಿನ ಬಾಗಿಲಲ್ಲಿ ಊರು ಸೇರ್ತಿದ್ದ ಕಾಲದ ಹೆಸರು, ಇಬಾರ್ರ, ಅಸ್ಕೊಆಗ, ಒಲೇಟ, ಉಂಟ್ಸಿಯ, ಗಂಟ್ಸಾಗ ಹೀಗೆ ಒಂಬತ್ತು. ಎಲ್ಲ ಸೇರಿ ಸಾವಿರದ ನಾನೂರು ಐನೂರು ಜನ ಅಷ್ಟೇ.

ಒಂದು ಶನಿವಾರ ಬೆಳಗ್ಗೆ ಕುಡುಗೋಲು ಹಿಡ್ಕೊಂಡು ಹೋಗಿ ಬನ್ನಿ, ಕೆಲಸ ಆದ್ಮೇಲೆ ಎಲ್ಲ ಕೂತು ತಿಂತಾರೆ ಕುಡೀತಾರೆ, ಹತ್ತು ವರ್ಷ ಹೆಲೋ ಅಂದ್ರೂ ಆಗದ ಪರಿಚಯ ಆ ಒಂದು ಬೆಳಗ್ಗೆ ಆಗತ್ತೆ. ಹಿಂದೆ ಪಕ್ಕದ ಮನೆ ಅನ್ನೋದು ಇಲ್ಲಿ ಒಂದು ಹುದ್ದೆ ಥರ, ಸಾವಾದ್ರೆ ಮೊದಲು ಓಡಿ ಬಂದು ಎಲ್ಲ ನೋಡ್ಕೊಳ್ಳೋದು ಗೊತ್ತಾದ ಒಂದು ಮನೆಯವ್ರೇ. ಈಗ ಅಷ್ಟಿಲ್ಲ, ಆದ್ರೂ ನಿಮ್ಮ ಕಾರು ಮಂಜಲ್ಲಿ ಜಾರಿ ಚರಂಡಿಗಿಳಿದಾಗ ಟ್ರ್ಯಾಕ್ಟರ್ ತರೋದು ಆ ಮನೆಯವ್ರೇ.

ಅಮ್ಮನಿಗೆ ಹೇಳಿ, ಬಾಸ್ಕ್ ಪ್ರತ್ಯೇಕ ದೇಶ ಬೇಕು ಅಂತ ಬಾಂಬ್ ಹಾಕ್ತಿದ್ದ ಇಟಿಎ ಸಂಘಟನೆ 2011ರ ಅಕ್ಟೋಬರ್‌ನಲ್ಲೇ ಹಿಂಸೆ ನಿಲ್ಲಿಸ್ತು, 2018ರ ಮೇನಲ್ಲಿ ಪೂರ್ತಿ ವಿಸರ್ಜನೆ ಆಯ್ತು. ಆದ್ರೆ ಆ ಕಾಲದ ಗಾಯ ಎರಡೂ ಕಡೆ ಮನೆಗಳಲ್ಲಿ ಇನ್ನೂ ಇದೆ, ಬಾರಲ್ಲಿ ಕೂತು ಕುತೂಹಲಕ್ಕೆ ಆ ವಿಷ್ಯ ಎತ್ತಬೇಡಿ. ಅವ್ರಾಗೇ ಹೇಳಿದ್ರೆ ಕೇಳಿಸ್ಕೊಳಿ.

ಹಳ್ಳಿ ಖಾಲಿಯಾಗ್ತಿದ್ಯಾ ಅಂತ ನೀವು ಕೇಳಿಲ್ಲ, ಮನೆ ಕೊಳ್ಳೋರು ಕೇಳ್ಲೇಬೇಕಾದ್ದು ಅದು. ಕುವಾರ್ತಾಂಗೊ ಥರದ ಕಡೆ ಬೇಸಾಯ ಒಂದೇ ಇದ್ದಿದ್ರಿಂದ ಜನ ವಿಟೋರಿಯಾ ಫ್ಯಾಕ್ಟರಿಗಳಿಗೆ ಹೋಗಿ ಅಲ್ಲೇ ನಿಂತ್ರು. ಅರಮಾಯೊಗೆ ಅರ್ರಸಾತೆ ಹತ್ತು ಕಿಲೋಮೀಟರ್ ಕೂಡ ಇಲ್ಲ. 1941ರಲ್ಲಿ ಅಲ್ಲಿಗೆ ಬಂದ ಅರಿಸ್ಮೆಂದಿಯಾರ್ರಿಯೆತಾ ಅನ್ನೋ ಪಾದ್ರಿ ಟೆಕ್ನಿಕಲ್ ಸ್ಕೂಲ್ ಶುರು ಮಾಡಿ, ಅದರಲ್ಲಿ ಓದಿದ ಹುಡುಗರು 1956ರಲ್ಲಿ ಉಲ್ಗೋರ್ ಅಂತ ಸ್ಟವ್ ಕಂಪನಿ ಮಾಡಿ, ಅದರಿಂದ ಇಡೀ ಸಹಕಾರಿ ಗುಂಪು ಬೆಳೀತಲ್ಲ, ಅದರಿಂದ ಸುತ್ತಲ ಬಸೆರ್ರಿ ಜನ ಹಗಲು ಫ್ಯಾಕ್ಟರಿ, ಸಂಜೆ ಹಸು ಅಂತ ಬದುಕಿದ್ರು, ಮನೆ ಬಿಡ್ಲಿಲ್ಲ. 2013ರಲ್ಲಿ ಅದೇ ಗುಂಪಿನ ಫಾಗೋರ್‌ನ ಗೃಹೋಪಯೋಗಿ ಕಂಪನಿ ಮುಳುಗಿದಾಗ ದೊಡ್ಡ ಪೆಟ್ಟು ಬಿತ್ತು, ಆದ್ರೂ ಕಣಿವೆ ಸತ್ತಿಲ್ಲ. ನಿಮ್ಮ ಯಜಮಾನ್ರ ಕೆಲಸನೂ ಅದೇ ಹಗ್ಗಕ್ಕೆ ಕಟ್ಟಿರೋದು ಅನ್ನೋದು ನೆನಪಿರ್ಲಿ. ಕೆಲಸ ಹೋದ್ರೆ ಗುಡ್ಡದ ಮೇಲಿನ ಅರ್ಧ ರಿಪೇರಿಯಾದ ಮನೆ ತಕ್ಷಣ ಮಾರೋಕಾಗಲ್ಲ.

ಹಂಗಾದ್ರೆ ಏನು ಮಾಡ್ಬೇಕು. ನನ್ನ ಮಗಳೇ ಕೇಳಿದ್ರೆ ಮೊದಲು ಒಂದು ವರ್ಷ ಬಾಡಿಗೆಗೆ ಇಬಾರ್ರದಲ್ಲಿ ಇರಿ ಅಂತಿದ್ದೆ, ಮುಖ್ಯವಾಗಿ ನವೆಂಬರ್‌ನಿಂದ ಮಾರ್ಚ್ ತನಕ. ಬಾಡಿಗೆ ಮನೆ ಸಿಗೋದು ಕಷ್ಟ, ಅದೇ ಇದರ ತೊಡಕು, ಇಂಟರ್ನೆಟ್ಟಲ್ಲಿ ಬರೋದೇ ಇಲ್ಲ, ಬಾರಲ್ಲಿ ಕೇಳ್ಬೇಕು, ಸ್ಕೂಲ್ ಗೇಟಲ್ಲಿ ಕೇಳ್ಬೇಕು. ಅಷ್ಟರಲ್ಲಿ ಈ ಬಸೆರ್ರಿ ಬೇರೆಯವ್ರ ಪಾಲಾಗಬಹುದು, ಆಗ್ಲಿ. ಇಬಾರ್ರದಲ್ಲೇ ಪೇಟೆ ಒಳಗೆ ಮನೆ ಸಿಕ್ರೆ ದಾಯಾದಿ ಕಾಟ ಇಲ್ಲ, ಸ್ಕೂಲಿಗೆ ಮಗು ನಡ್ಕೊಂಡು ಹೋಗತ್ತೆ, ಆದ್ರೆ ನೀವು ಕನಸು ಕಂಡ ಅಂಗಳ ಇರಲ್ಲ, ರೇಟೂ ಜಾಸ್ತಿ. ಕುವಾರ್ತಾಂಗೊ ಕಡೆ ಕಮ್ಮಿಗೆ ಗಟ್ಟಿ ಮನೆ ಸಿಗಬಹುದು, ತ್ರೊಂಕಾಲಿದಾದ್ ತಲೆಬಿಸಿ ಅಲ್ಲಿಲ್ಲ, ಆದ್ರೆ ಅಲ್ಲಿಂದ ಅರ್ರಸಾತೆಗೆ ದಿನಾ ಓಡಾಡೋದು ಹುಚ್ಚು, ಮಗಳಿಗೆ ಓರಗೆಯವ್ರು ಒಬ್ರೋ ಇಬ್ರೋ.

ಇಲ್ಲ, ಇದೇ ಬಸೆರ್ರಿ ಬೇಕು ಅಂತ ಮನಸು ಕೂತಿದ್ರೆ ಆಸ್ತಿ ರಿಜಿಸ್ಟ್ರಿಯಿಂದ ನೋಟಾ ಸಿಂಪ್ಲೆ, ಅಂದ್ರೆ ಯಜಮಾನ ಯಾರು, ಆಸ್ತಿ ಮೇಲೆ ಏನೇನು ಹಕ್ಕು ಸಾಲ ಇದೆ ಅಂತ ತೋರಿಸೋ ಪತ್ರ, ತೆಗೆಸಿ, ಪ್ರಾಂತ್ಯದ ಕಂದಾಯ ನಕ್ಷೆ ಜೊತೆ ಹೋಲಿಸಿ. ಎರಡರಲ್ಲಿ ಗಡಿ ಹೊಂದದೇ ಇರೋದೇ ಮಾಮೂಲು, ಎಷ್ಟು ಹೊಂದಲ್ಲ ಅನ್ನೋದು ಮುಖ್ಯ. ನೀರು ಊರ ಪೈಪಿಂದಾ, ಸ್ವಂತ ಊಟೆಯಿಂದಾ, ಪಕ್ಕದ ಮನೆ ಜೊತೆ ಹಂಚಿಕೊಂಡಿರೋದಾ ಕೇಳಿ. ಮಲಗುಂಡಿ ಎಲ್ಲಿಗೆ ಹೋಗತ್ತೆ ಕೇಳಿ. ಆಮೇಲೆ ಅಡ್ವಾನ್ಸ್, ಇಲ್ಲಿ ಅರ್ರಾಸ್ ಅಂತಾರೆ, ಸಾಮಾನ್ಯವಾಗಿ 10 ಪರ್ಸೆಂಟ್ ಕೇಳ್ತಾರೆ, ನೀವು ಹಿಂದೆ ಸರಿದ್ರೆ ಅದು ಹೋಯ್ತು, ಅವ್ರು ಸರಿದ್ರೆ ಎರಡರಷ್ಟು ಕೊಡ್ಬೇಕು. ಆ ಕರಾರಿನಲ್ಲೇ ಒಂದು ಸಾಲು ಬರೆಸಿ: ಸಂಬಂಧಿಕರ ಪ್ರಕಟಣೆ ಮುಗಿದು ಯಾರೂ ಬಂದಿಲ್ಲ ಅಂತ ನೋಟರಿ ಪತ್ರ ಬಂದ್ರೆ, ಟೌನ್ ಹಾಲ್ ರಿಪೇರಿಗೆ ಅವಕಾಶ ಇದೆ ಅಂತ ಬರೆದು ಕೊಟ್ರೆ ಮಾತ್ರ ಮಾರಾಟ, ಇಲ್ದಿದ್ರೆ ದುಡ್ಡು ಪೂರ್ತಿ ವಾಪಸ್. ಬಿಸ್ಕಾಯ ಕಟ್ಟಳೆ ಗೊತ್ತಿರೋ ವಕೀಲರನ್ನೇ ಹಿಡೀರಿ, ವಿಟೋರಿಯಾದಲ್ಲಿ ಬರೀ ಫ್ಲ್ಯಾಟ್ ವ್ಯವಹಾರ ಮಾಡೋರಿಗೆ ಇದು ಅಭ್ಯಾಸ ಇರಲ್ಲ.

ಹೆಸರು ಬದಲಾಯಿಸೋಕೆ ಕಾನೂನು ಅಡ್ಡಿ ಏನೂ ದೊಡ್ಡದಿಲ್ಲ, ನೀವು ಬೋರ್ಡ್ ಹಾಕಬಹುದು, ಆದ್ರೆ ಪ್ರಯೋಜನ ಇಲ್ಲ. ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಹಾಲಿನವ್ರ ತನಕ ಎಲ್ಲರೂ ಹಳೇ ಹೆಸರೇ ಹೇಳ್ತಾರೆ, ಎರಡು ವರ್ಷ ಆದ್ಮೇಲೆ ನಿಮ್ಮ ಮಗಳನ್ನೂ ಇಂಥ ಮನೆ ಹುಡುಗಿ ಅಂತ ಅದೇ ಹೆಸರಲ್ಲಿ ಕರೀತಾರೆ. ಅಜ್ಜಿ ಹೆಸರು ಒಳಗೆ ಹಜಾರದಲ್ಲಿ ಹಾಕ್ಕೊಳಿ. ಬಾಗಿಲ ಮೇಲೆ ಒಣಗಿದ ದೊಡ್ಡ ಮುಳ್ಳಿನ ಹೂವು ಮೊಳೆ ಹೊಡೆದಿದ್ರೆ ಕಸ ಅಂತ ಕಿತ್ತು ಬಿಸಾಕಬೇಡಿ, ಎಗುಸ್ಕಿಲೊರೆ ಅದು, ಸೂರ್ಯನ ಹೂವು, ರಾತ್ರಿ ಓಡಾಡೋ ದುಷ್ಟ ಶಕ್ತಿ ಒಳಗೆ ಬರದೇ ಇರ್ಲಿ ಅಂತ ಹಾಕೋದು. ಪಕ್ಕದಲ್ಲಿ ಬೂದುಗುಂಬಳಕಾಯಿ ಕಟ್ಕೊಳ್ಳೋಕೆ ಜಾಗ ಇರತ್ತೆ.

ಏಜೆಂಟ್ ಏನಂದ್ರು ಅಂತ ತಿಳಿಸಿ. ನೋಟಾ ಸಿಂಪ್ಲೆ ಕೈಗೆ ಬಂದ್ಮೇಲೆ ಅದರಲ್ಲಿ ದಾರಿ ಹಕ್ಕು, ನೀರಿನ ಹಕ್ಕು ಅಂತ ಏನಾದ್ರೂ ಸಾಲಿದ್ರೆ ಹೆಸರು ವಿಳಾಸ ಅಳಿಸಿ ಆ ಸಾಲು ಮಾತ್ರ ಕಳಿಸಿ, ನೋಡಿ ಹೇಳ್ತೀನಿ.